ಆರಿಸಿದವರು ಭಾಗಮ್ಮ

ದೇವೇಂದ್ರನಿಗೆ ಎಕೋ ಅಂದರೆ ಪ್ರಾಣ. ಹನ್ನೊಂದು ವರ್ಷ ಮೈಕ್ ಸೆಟ್ ಇಟ್ಟುಕೊಂಡು ಚಿಕ್ಕಮಗಳೂರಿನಿಂದ ಕಳಸದವರೆಗೆ ಮದುವೆ, ಗೃಹಪ್ರವೇಶ ಅಂತ ತಿರುಗಿದವನು. “ಎಲ್ಲರೂ ಊಟಕ್ಕೆ ದಯಮಾಡಿಸಬೇಕು” ಎಂದು ಅವನ ಮೈಕಿನಲ್ಲಿ ಯಾರಾದರೂ ಕರೆದರೆ ಆ “ಬೇಕು” ಎದುರಿನ ಗುಡ್ಡಕ್ಕೆ ಹೋಗಿ, ಪಕ್ಕದ ತೋಟಕ್ಕೆ ದಾಟಿ, ಕರೆಯದವರನ್ನೂ ಕರೆದು ವಾಪಸ್ ಬರಬೇಕು. ಆಗಲೇ ಅವನಿಗೆ ಸಮಾಧಾನ. ಮದುವೆ ಮನೆಯವರೂ ಕಡಿಮೆಯಲ್ಲ. “ಇನ್ನೊಂದ್ ಚೂರು ಎಕೋ ಕೊಡು ಮಾರಾಯ, ನಮ್ದೇನು ಕಳ್ಳ ಮದ್ವೆಯಾ” ಎನ್ನುತ್ತಿದ್ದರು. ಪುಣ್ಯಾತ್ಮ ಕೊಡುತ್ತಿದ್ದ.

ಎರಡು ಸಾವಿರದ ಒಂದರಲ್ಲಿ ಮೈಕ್ ಸೆಟ್ಟನ್ನು ತಮ್ಮನಿಗೆ ಬಿಟ್ಟುಕೊಟ್ಟು, ಚಿಕ್ಕಮಗಳೂರಿನಲ್ಲಿ ಒಂದು ಬ್ಯಾಟರಿ ಅಂಗಡಿಯ ಮಹಡಿಯ ಮೇಲೆ ಕೋಣೆ ಹಿಡಿದು ರೆಕಾರ್ಡಿಂಗ್ ಸ್ಟುಡಿಯೋ ಎಂದು ಬೋರ್ಡು ಹಾಕಿದ. ರಸ್ತೆಯ ಸದ್ದು ಒಳಗೆ ಬರದಿರಲೆಂದು ಗೋಡೆಗೆಲ್ಲ ಕಾಫಿಯ ಗೋಣಿಚೀಲ ಎರಡೆರಡು ಪದರ ಹೊಡೆಸಿದ್ದ. ಎಂಟು ಟ್ರ್ಯಾಕಿನ ಒಂದು ರೆಕಾರ್ಡರ್ ತಂದಿದ್ದ. ಹಾಡಿನವರ ಧ್ವನಿ ಒಂದು ಟ್ರ್ಯಾಕಿಗೆ, ಡೋಲಕ್ಕು ಇನ್ನೊಂದಕ್ಕೆ, ಕೀಬೋರ್ಡು ಮತ್ತೊಂದಕ್ಕೆ ಹೀಗೆ ಬೇರೆ ಬೇರೆಯಾಗಿ ಹಿಡಿದಿಟ್ಟು, ಆಮೇಲೆ ಮಿಕ್ಸರಿನಲ್ಲಿ ಹದವಾಗಿ ಬೆರೆಸುವುದು ಕೆಲಸ. ಹದ ಅನ್ನುವುದನ್ನು ಅವನು ಮೈಕ್ ಸೆಟ್ಟಿನಲ್ಲಿ ಕಲಿತಿರಲಿಲ್ಲ. ಎಕೋ ಯಂತ್ರವನ್ನು ಮಾತ್ರ ಎರಡು ಇಟ್ಟುಕೊಂಡಿದ್ದ.

ಸ್ಟುಡಿಯೋದಲ್ಲಿ ಅವನು ಮನಸ್ಸಿಟ್ಟು ಮಾಡಿದ ಮೊದಲ ಕೆಲಸ ಭಾಗಮ್ಮನ ಸೋಬಾನೆ ಹಾಡುಗಳು. ಭಾಗಮ್ಮ ಹುಟ್ಟಿದ್ದು ಕಳಸದ ಬಳಿಯ ಸಂಸೆಯಲ್ಲಿ. ಈಗ ಐವತ್ತು ದಾಟಿದ ಹೆಂಗಸು, ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದಳು. ತೋಟಗಳಿಂದ ಬಂದ ಕಾಫಿಯ ಸಿಪ್ಪೆಯನ್ನು ಯಂತ್ರ ತೆಗೆದ ಮೇಲೆ, ಬೀಜವನ್ನು ಉದ್ದನೆಯ ಮೇಜುಗಳ ಮೇಲೆ ಹರವುತ್ತಾರೆ. ಎರಡೂ ಬದಿಗೆ ಕೂತ ಹೆಂಗಸರು ಕಪ್ಪು ಬೀಜ, ಒಡೆದ ಬೀಜ, ಹುಳ ತಿಂದದ್ದು ಎಲ್ಲವನ್ನೂ ಕೈಯಲ್ಲಿ ಹೆಕ್ಕಿ ತೆಗೆಯುತ್ತಾರೆ. ಭಾಗಮ್ಮ ಅಂಥ ಒಂದು ಮೇಜಿನ ಹಿರಿಯಳು. ಮದುವೆ ಕಾಲದಲ್ಲಿ ಎಲ್ಲಿಂದಲೋ ಜೀಪು ಬಂದು ಅವಳನ್ನು ಹಾಡಲು ಕರೆದುಕೊಂಡು ಹೋಗುವುದೂ ಇತ್ತು.

ದೇವೇಂದ್ರ ಅವಳನ್ನು ಮೊದಲು ಕೇಳಿದ್ದು ತೊಂಬತ್ತೇಳರಲ್ಲಿ, ಅವಳದೇ ಮಗಳು ರೇವತಿಯ ಮದುವೆಯಲ್ಲಿ. ಮದುವೆ ನಡೆದದ್ದು ಕಳಸದ ಹತ್ತಿರದ ಗಂಡಿನ ಮನೆಯಲ್ಲಿ. ಬೆಳಿಗ್ಗೆ ಇವನು ಹಲಸಿನ ಮರದ ಮೇಲೆ ಕೂತು ಮೈಕಿನ ಹಾರ್ನು ಕಟ್ಟುತ್ತಿದ್ದಾಗ ಕೆಳಗೆ ಅಡುಗೆಯ ಚಪ್ಪರದಲ್ಲಿ ಭಾಗಮ್ಮ ಸೌತೆಕಾಯಿ ಹೆಚ್ಚುತ್ತಾ ಹಾಡಿಕೊಳ್ಳುತ್ತಿದ್ದಳು. ಮೈಕಿಲ್ಲ, ವೈರಿಲ್ಲ. ಒಂದೊಂದು ಮಾತೂ ಮರದ ತುದಿಗೆ ಬಿಡಿಬಿಡಿಯಾಗಿ ಬಂತು. ದೇವೇಂದ್ರ ಹಗ್ಗ ಕಟ್ಟುವುದನ್ನು ಬಿಟ್ಟು ಕೇಳಿದ. ಅಲ್ಲೇ ಅವನು ಪಾಠ ಕಲಿತಿದ್ದರೆ ಈ ಕಥೆಯನ್ನು ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಮರ ಇಳಿದ, ಮರೆತ. ಮಧ್ಯಾಹ್ನ ಹೆಣ್ಣೊಪ್ಪಿಸುವ ಹೊತ್ತಿಗೆ ಭಾಗಮ್ಮನ ಬಾಯಿಗೆ ಮೈಕು ಹಿಡಿದು ಎಕೋ ಗುಂಡಿಯನ್ನು ಪೂರ್ತಿ ತಿರುಗಿಸಿದ. ಹಾರ್ನುಗಳು ಗುಂಯ್‌ಗುಟ್ಟಿದವು. ಸುತ್ತಲಿನ ನಾಲ್ಕು ತೋಟಕ್ಕೆ ಮದುವೆ ನಡೆಯುತ್ತಿರುವುದು ಗೊತ್ತಾಯಿತು.

ಆದರೂ ಬೆಳಗಿನ ಆ ಹಾಡು ಅವನ ಕಿವಿಯಲ್ಲಿ ಎಲ್ಲೋ ಉಳಿದಿತ್ತು. ಸ್ಟುಡಿಯೋ ತೆರೆದ ಮೇಲೆ ಅವಳನ್ನು ಹುಡುಕಿಕೊಂಡು ಹೋದ. ಭಾನುವಾರಗಳಂದು ಕರೆಸಿ ಎಂಟು ಹಾಡು ಹಿಡಿದ. ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಯವರು ಮಲೆನಾಡಿನ ಸೋಬಾನೆ ತರುತ್ತೇವೆ ಎಂದಿದ್ದರು. ದೇವೇಂದ್ರ ಮುತುವರ್ಜಿಯಿಂದ ಮಿಕ್ಸ್ ಮಾಡಿದ. ಡೋಲಕ್ಕಿಗೆ ಬಾಸ್ ಕೊಟ್ಟ, ಧ್ವನಿಗೆ ಟ್ರೆಬಲ್ ಕೊಟ್ಟ, ನಡುನಡುವೆ ಕೊಳಲು ತೂರಿಸಿದ, ಕೀಬೋರ್ಡನ್ನು ಹಬ್ಬದೂಟದ ಹಾಗೆ ಎಲ್ಲ ಕಡೆಗೂ ಬಡಿಸಿದ. ಎರಡೂ ಎಕೋ ಯಂತ್ರ ಹಚ್ಚಿದ. ಹಾಡಿನ ನಡುವೆ ಭಾಗಮ್ಮ ಉಸಿರು ಎಳೆದುಕೊಂಡ ಕಡೆಯಲ್ಲೆಲ್ಲ ಧ್ವನಿಯ ಗುಂಡಿಯನ್ನು ಸರಕ್ಕನೆ ಕೆಳಗಿಳಿಸಿ ಉಸಿರು ಕೇಳಿಸದಂತೆ ಮಾಡಿದ. ಆ ಚಾಕಚಕ್ಯತೆಯ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಕಂಪನಿಯ ಮ್ಯಾನೇಜರ್ ನಂದನ್ ಎಂಬಾತ ಜನವರಿಯಲ್ಲಿ ಕಾಗದ ಬರೆದ. ‘ಹಾಡುಗಳು ಬಹಳ ಚೆನ್ನಾಗಿವೆ. ಗಾಯಕಿಯ ಧ್ವನಿ ಮಸುಕಾಗಿದೆ, ಮಾತು ತಿಳಿಯುವುದಿಲ್ಲ, ವಯಸ್ಸಾದಂತಿದೆ. ಇವನ್ನು ನಮ್ಮ ಗಾಯಕಿಯಿಂದ ಇಲ್ಲೇ ಹಾಡಿಸುತ್ತೇವೆ. ಹದಿನೈದನೇ ತಾರೀಕಿನೊಳಗೆ ಹಾಡುಗಳ ಸಾಹಿತ್ಯವನ್ನು ಬರೆದು ಕಳುಹಿಸಿ.’

ದೇವೇಂದ್ರ ಕಾಗದವನ್ನು ಮೂರು ಸಲ ಓದಿದ. ಬೇಜಾರಾಯಿತು. ಆದರೆ, ಹೇಳಲು ನಾಚಿಕೆಯಾದರೂ ಹೇಳಬೇಕು, ಅವನೂ ಅದನ್ನು ನಂಬಿದ. ಕಾಫಿ ಸಿಪ್ಪೆಯ ಧೂಳಿನಲ್ಲಿ ಇಪ್ಪತ್ತೆರಡು ವರ್ಷ ಕೂತ ಗಂಟಲು, ಇನ್ನೆಷ್ಟು ಸ್ಪಷ್ಟವಾಗಿದ್ದೀತು ಅಂದುಕೊಂಡ. ಭಾಗಮ್ಮನಿಗೆ ಕಾಗದದ ಸುದ್ದಿ ಹೇಳುವ ಧೈರ್ಯ ಬರಲಿಲ್ಲ. “ಭಾಗಕ್ಕ, ಹಾಡು ಬರ್ಕೊಳ್ಬೇಕಿತ್ತು, ಭಾನುವಾರ ಒಂದ್ ಗಳಿಗೆ ಬರ್ತೀರಾ” ಎಂದಷ್ಟೇ ಹೇಳಿಕಳಿಸಿದ.

ಅವಳು ಬೆಳಿಗ್ಗೆ ಹತ್ತಕ್ಕೇ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಮಲ್ಲಿಗೆ ಮುಡಿದು, ಕ್ಯಾಸೆಟ್ ಯಾವಾಗ ಬರುತ್ತದೆ ಎಂದು ಕೇಳುತ್ತಲೇ ಮೆಟ್ಟಿಲು ಹತ್ತಿದಳು. “ರೇವತಿ ಕಳ್ಸದಿಂದ ಎರಡ್ ಸಲ ಫೋನ್ ಮಾಡಿ ಕೇಳಿದ್ಲು ದೇವೇಂದ್ರಣ್ಣ. ಅವ್ಳ ಅತ್ತೆ ಮನೇಲಿ ಹೊಸ ಟೇಪ್ ರೆಕಾರ್ಡರ್ ತಗಂಡವ್ರಂತೆ.” ದೇವೇಂದ್ರ ಹೂಂಗುಟ್ಟಿ ಪುಸ್ತಕ, ಪೆನ್ನು ಹಿಡಿದು, ಕಂಪನಿಗೆ ಮಾಡಿದ್ದ ಮಿಕ್ಸಿನ ಗುಂಡಿಗಳನ್ನು ಹಾಗೇ ಇಟ್ಟು ಎಂಟು ಟ್ರ್ಯಾಕಿನ ಮೂಲ ಟೇಪ್ ಹಾಕಿದ. ಮಿಕ್ಸ್ ಆದ ಹಾಡನ್ನು ಭಾಗಮ್ಮ ಕೇಳುತ್ತಿದ್ದುದು ಅದೇ ಮೊದಲು.

ಹೆಣ್ಣೊಪ್ಪಿಸುವ ಹಾಡು. ಒಂದು ಸಾಲು ಹೋಯಿತು. ದೇವೇಂದ್ರ ನಿಲ್ಲಿಸಿ, ಬರೆದುಕೊಂಡದ್ದನ್ನು ಓದಿದ. “ಹಣ್ಣ ಕುಯ್ವಾಗ ರೆಂಬೆ ಮರಿಬ್ಯಾಡ ನನ ಮಗಳೆ.”

“ಮರಿಬ್ಯಾಡ ಅಲ್ಲ. ಮುರಿಬ್ಯಾಡ.”

“ಟೇಪಲ್ಲಿ ಮರಿಬ್ಯಾಡ ಅಂತಿದೆಯಲ್ಲ ಅಕ್ಕ.”

“ರೆಂಬೆ ಮರ್ತೋರು ಹಣ್ಣು ಎಲ್ಲಿಂದ ಕುಯ್ತಾರೆ? ಇನ್ನೊಂದ್ ಸಲ ಹಾಕಿ.”

ಹಾಕಿದ. ಡೋಲಕ್ಕು ಸರಿಯಾಗಿ ಆ ‘ಮು’ವಿನ ನೆತ್ತಿಯ ಮೇಲೇ ಧಡಕ್ಕನೆ ಬೀಳುತ್ತಿತ್ತು. ಮುಂದಿನ ಸಾಲಿನಲ್ಲಿ ಕೀಬೋರ್ಡು ಎದ್ದು ಬಂತು, ಅದರ ಹಿಂದೆ ಯಾರೋ ಕಂಬಳಿ ಹೊದ್ದುಕೊಂಡು ಹಾಡಿದಂತಿತ್ತು. ದೇವೇಂದ್ರ ಪೆನ್ನು ಎತ್ತಿ ಕೇಳಿದ. “ಇದೇನು ಮಾತು?”

ಭಾಗಮ್ಮ ಕಿವಿಗೊಟ್ಟು ಕೇಳಿದಳು. ಮತ್ತೆ ಕೇಳಿದಳು. ಹುಬ್ಬು ಗಂಟಿಕ್ಕಿದಳು. “ನಂಗೂ ಗೊತ್ತಾಗ್ತಿಲ್ಲ” ಎಂದಳು.

ತನ್ನ ಬಾಯಿಂದ ಬಂದ ಹಾಡು ತನಗೇ ತಿಳಿಯದೆ ಅವಳು ಗೋಣಿಚೀಲದ ಗೋಡೆಯನ್ನೇ ನೋಡುತ್ತಾ ಕೂತಳು. ಆಮೇಲೆ ತಗ್ಗಿದ ದನಿಯಲ್ಲಿ, “ಇದನ್ನೆಲ್ಲ ಆರ್ಸಿ ದೇವೇಂದ್ರಣ್ಣ” ಎಂದಳು.

ಮಿಕ್ಸರಿನ ತುಂಬ, ಎಕೋ ಯಂತ್ರಗಳ ತುಂಬ ಕೆಂಪು ಹಸಿರು ದೀಪಗಳು ಉರಿಯುತ್ತಿದ್ದವು. ಅವಳಿಗೆ ಕೋಪ ಬಂದಿದೆ, ಎಲ್ಲ ಬಂದ್ ಮಾಡಿ ಮನೆಗೆ ಕಳಿಸು ಅನ್ನುತ್ತಿದ್ದಾಳೆ ಎಂದುಕೊಂಡ ದೇವೇಂದ್ರ. ಎರಡೂ ಎಕೋ ಆರಿಸಿದ. ಡೋಲಕ್ಕಿನ ಟ್ರ್ಯಾಕ್ ಆರಿಸಿದ, ಕೀಬೋರ್ಡು ಆರಿಸಿದ, ಕೊಳಲು ಆರಿಸಿದ. ಗಡಿಬಿಡಿಯಲ್ಲಿ ಒಂದನ್ನು ಮರೆತ. ರೆಕಾರ್ಡರ್ ಓಡುತ್ತಲೇ ಇತ್ತು. ಧ್ವನಿಯ ಟ್ರ್ಯಾಕ್ ಒಂದೇ ಉಳಿದಿತ್ತು, ಹಾಡು ಮತ್ತೆ ಮೊದಲ ಸಾಲಿಗೆ ಬಂತು.

ಹಣ್ಣ ಕುಯ್ವಾಗ ರೆಂಬೆ ಮುರಿಬ್ಯಾಡ ನನ ಮಗಳೆ,
ಬರುವೊರ್ಷ ಅದರಾಗೆ ಹೂವೈತೆ, ಕೊಟ್ಟ ಮನೆಯ
ಮಾತ ಕೇಳ್ವಾಗ ಮನ ಮುರಿಬ್ಯಾಡ.

ದೇವೇಂದ್ರ ಸ್ವಿಚ್ಚಿನ ಮೇಲೆ ಕೈಯಿಟ್ಟವನು ಹಾಗೇ ನಿಂತ. ಹಲಸಿನ ಮರದ ಮೇಲೆ ಕೂತು ಕೇಳಿದ ಧ್ವನಿಯೇ ಇದು. ಮಸುಕಿಲ್ಲ, ವಯಸ್ಸಿಲ್ಲ, ಧೂಳಿಲ್ಲ. ‘ಮು’ ಅನ್ನುವುದು ‘ಮು’ ಎಂದೇ ಕೇಳಿಸುತ್ತಿತ್ತು. ನಂದನ್ ಕೇಳಿದ ಮಸುಕು ಅಷ್ಟೂ ದೇವೇಂದ್ರನೇ ಕೈಯಾರೆ ಬಳಿದದ್ದು. ಹಿಂದೆ ಕೂತವಳ ಕಡೆ ತಿರುಗುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಯಾಕೆ ಎಲ್ಲ ನಿಲ್ಸಿಬಿಟ್ರಿ?” ಭಾಗಮ್ಮ ಕೇಳಿದಳು.

“ನೀವೇ ಅಂದ್ರಲ್ಲ, ಆರ್ಸಿ ಅಂತ.”

ಭಾಗಮ್ಮ ಅವನನ್ನು ನೋಡಿದಳು, ಆರಿದ ದೀಪಗಳನ್ನು ನೋಡಿದಳು, ಆಮೇಲೆ ಸೆರಗು ಬಾಯಿಗಿಟ್ಟು ನಗತೊಡಗಿದಳು. “ಅಯ್ಯೋ ಮಾರಾಯ, ದೀಪ ಆರ್ಸೋದಲ್ಲ. ಬೀಜ ಆರ್ಸೋದು. ನಮ್ ಮೇಜಿನ್ ಮೇಲೆ ಆರ್ಸಲ್ವಾ, ಹಂಗೆ. ಡೋಲಕ್ ನಂಗೆ ಬೇಡ ಅಂದ್ನಾ? ಅದ್ರಲ್ಲಿ ಕಪ್ಪಿದ್ದಷ್ಟು ತೆಗಿ ಅಂದೆ.”

ಅದುವರೆಗೂ ‘ನೀವು’ ಅನ್ನುತ್ತಿದ್ದವಳು ಆ ಗಳಿಗೆಯಲ್ಲಿ ಮೇಜಿನ ಹಿರಿಯಳಾಗಿ ‘ನೀನು’ವಿಗೆ ಇಳಿದಿದ್ದಳು. ಕುರ್ಚಿಯನ್ನು ಮಿಕ್ಸರಿನ ಹತ್ತಿರಕ್ಕೆ ಎಳೆದುಕೊಂಡಳು. ಹೊಸದಾಗಿ ಮೇಜಿಗೆ ಬಂದ ಹುಡುಗಿಯರು ಮಾಡುವ ತಪ್ಪು ಏನು ಗೊತ್ತೇ ಎಂದು ಕೇಳಿದಳು. ಅವರು ಎಲ್ಲ ದೋಷವನ್ನೂ ಒಂದೇ ಸಲಕ್ಕೆ ಹುಡುಕುತ್ತಾರೆ, ಕಣ್ಣು ಕಟ್ಟಿಹೋಗುತ್ತದೆ. ಬಲ್ಲವರು ಬೀಜವನ್ನು ತೆಳ್ಳಗೆ ಹರವಿ, ಒಂದು ಸಲ ಬರೀ ಕಪ್ಪು ಹುಡುಕುತ್ತಾರೆ. ಇನ್ನೊಂದು ಸಲ ಬರೀ ಒಡಕು. “ಒಂದ್ ಸಲಕ್ಕೆ ಒಂದೇ ಹುಡ್ಕು. ಸಿಕ್ಕಿದ್ದನ್ನ ತೆಗಿ. ಏನನ್ನೂ ಹೊಸದಾಗಿ ಸುರೀಬೇಡ.”

ದೇವೇಂದ್ರ ಹಾಗೇ ಮಾಡಿದ. ಮೊದಲು ಧ್ವನಿ ಒಂದನ್ನೇ ಹರವಿಕೊಂಡು ಕೂತ. ಕೇಳುತ್ತಾ ಹೋದರೆ ತಳದಲ್ಲಿ ಗೊರಗೊರ ಸದ್ದೊಂದು ಸಿಕ್ಕಿತು. ಎರಡು ಪದರ ಗೋಣಿಯನ್ನೂ ದಾಟಿ ಬಂದ ಲಾರಿಯದು. ಹೆಂಗಸಿನ ದನಿ ಅಷ್ಟು ತಳಕ್ಕೆ ಇಳಿಯುವುದೇ ಇಲ್ಲವಾದ್ದರಿಂದ ಅಷ್ಟನ್ನು ಕೆಳಗಿನಿಂದ ಕತ್ತರಿಸಿ ತೆಗೆದ. ಎರಡನೇ ಸಲ ‘ಸೋಬಾನ’ದ ‘ಸ’ ಹಾವಿನ ಹಾಗೆ ಬುಸುಗುಡುತ್ತಿರುವುದು ಕೇಳಿತು. ಅದು ತಾನೇ ಸುರಿದ ಟ್ರೆಬಲ್ಲು. ವಾಪಸ್ ತೆಗೆದ. ಆಮೇಲೆ ಡೋಲಕ್ಕು ಬಂತು. ಬಾಸ್ ತಿಂದು ಉಬ್ಬಿದ ಅದರ ಹೊಟ್ಟೆಯನ್ನು ಇಳಿಸಿದರೆ ‘ಮು’ ತಾನಾಗಿ ತಲೆಯೆತ್ತಿತು. ಕೀಬೋರ್ಡು ಸರಿಯಾಗಿ ಭಾಗಮ್ಮನ ಕಂಠದ ಎತ್ತರದಲ್ಲೇ ಕಾಲು ಚಾಚಿ ಕೂತಿತ್ತು. ಆ ಎತ್ತರದಲ್ಲಿ ಅದನ್ನು ತಗ್ಗಿಸಿ, ಎಡಕ್ಕೆ ಸರಿಸಿ, ಅವಳಿಗೆ ಜಾಗ ಬಿಡಿಸಿಕೊಟ್ಟ.

ಎಕೋ ಸರದಿ ಬಂತು. ದೇವೇಂದ್ರನೇ ಒಂದು ಯಂತ್ರದ ವೈರು ಕಿತ್ತು ಪಕ್ಕಕ್ಕಿಟ್ಟ. ಇನ್ನೊಂದರ ಗುಂಡಿಯನ್ನು ಎಷ್ಟು ಕೆಳಗೆ ಇಳಿಸಿದನೆಂದರೆ ಮೈಕ್ ಸೆಟ್ಟಿನ ಕಾಲದವರು ನೋಡಿದ್ದರೆ ಅವನಿಗೆ ಮೈ ಸರಿಯಿಲ್ಲ ಅಂದುಕೊಳ್ಳುತ್ತಿದ್ದರು. ಕೊನೆಗೆ ಧ್ವನಿಯ ಗುಂಡಿಯ ಮೇಲೆ ಬೆರಳಿಟ್ಟು, ಸಣ್ಣಗಾದ ಮಾತನ್ನು ಒಂದು ಕೂದಲಷ್ಟು ಎತ್ತಿ, ಜೋರಾದದ್ದನ್ನು ಕೂದಲಷ್ಟು ಇಳಿಸುತ್ತಾ ಮಾತು ಮಾತಿಗೂ ಜೊತೆಗೆ ಹೋದ. ‘ಕೊಟ್ಟ ಮನೆಯ’ ಆದ ಮೇಲೆ ಅಭ್ಯಾಸಬಲದಿಂದ ಬೆರಳು ಸರಕ್ಕನೆ ಕೆಳಗಿಳಿಯಿತು. ಉಸಿರು ಮಾಯವಾಯಿತು.

“ಅಲ್ಲೇನೋ ಬಿಸಾಕಿದ್ಯಲ್ಲ” ಎಂದಳು ಭಾಗಮ್ಮ.

“ಉಸಿರು ಅಕ್ಕ. ಅಲ್ಲಿ ನಿಮ್ಗೆ ಉಸಿರು ತುಂಡಾಗಿದೆ. ದೋಷ ಅದು.”

“ದೋಷ ಅಲ್ಲ. ಪೀಬೆರಿ.”

ಪೀಬೆರಿ ಎಂದರೆ ಒಂಟಿ ಬೀಜ. ಕಾಫಿ ಹಣ್ಣಿನೊಳಗೆ ಎರಡು ಚಪ್ಪಟೆ ಬೀಜ ಇರುವ ಜಾಗದಲ್ಲಿ ಕೆಲವೊಮ್ಮೆ ಒಂದೇ ಒಂದು ಗುಂಡನೆಯ ಬೀಜ ಇರುತ್ತದೆ. ನೋಡಲು ಊನದ ಹಾಗೆ, ಆದರೆ ಅದನ್ನು ಬೇರೆಯಾಗಿಟ್ಟು ಬೇರೆ ಹೆಸರಿನಲ್ಲೇ ಕಳಿಸುತ್ತಾರೆ. “ರೇವತಿನ ಒಪ್ಸುವಾಗ ಹಾಡ್ತಾ ಹಾಡ್ತಾ ನಂಗೆ ಇಲ್ಲೇ ಉಸಿರು ಕಟ್ಟಿದ್ದು” ಎಂದಳು ಭಾಗಮ್ಮ. “ಅವತ್ತಿಂದ ಈ ಜಾಗಕ್ಕೆ ಬಂದ್ರೆ ತಾನಾಗೇ ಹಂಗೇ ಬರುತ್ತೆ. ಇದ್ದದ್ದು ಇರ್ಲಿ.”

ದೇವೇಂದ್ರ ಟೇಪನ್ನು ಹಿಂದಕ್ಕೆ ತಿರುಗಿಸಿ ಬೆರಳನ್ನು ಅಲ್ಲಾಡಿಸದೆ ಹಿಡಿದುಕೊಂಡ. ಉಸಿರು ಬಂತು. ಅದರ ಹಿಂದೆಯೇ ‘ಮಾತ ಕೇಳ್ವಾಗ ಮನ ಮುರಿಬ್ಯಾಡ’ ಬಂತು. ಉಸಿರಿಲ್ಲದಾಗ ಅದು ಬುದ್ಧಿಮಾತಾಗಿತ್ತು. ಈಗ ಹೇಳಿದವಳ ಮನಸ್ಸೇ ಮುರಿದಿದೆ ಎಂದು ತಿಳಿಯುತ್ತಿತ್ತು.

ಆಗ ಅವನಿಗೆ ತಡೆಯಲಾಗಲಿಲ್ಲ. ಮೇಜಿನ ಖಾನೆಯಿಂದ ನಂದನ್ ಬರೆದ ಕಾಗದ ತೆಗೆದು ಪೂರ್ತಿ ಓದಿ ಹೇಳಿದ. ವಯಸ್ಸಾದಂತಿದೆ ಎನ್ನುವುದನ್ನೂ ಬಿಡಲಿಲ್ಲ.

ಭಾಗಮ್ಮ ಮುಡಿಯ ಮಲ್ಲಿಗೆಯನ್ನು ಸರಿಮಾಡಿಕೊಂಡಳು. “ಕಾಗ್ದ ಬಂದಾಗ ನೀವೂ ಹಂಗೇ ಅಂದ್ಕಂಡ್ರಾ?” ಮತ್ತೆ ‘ನೀವು’ ಬಂದಿತ್ತು.

“ಹೌದು ಅಕ್ಕ. ತಪ್ಪಾಯ್ತು.”

“ನಾನು ಕೆಲ್ಸಕ್ಕೆ ಸೇರಿದ್ ವಾರ ಒಂದು ಬುಟ್ಟಿ ಪೀಬೆರಿನ ಕಸ ಅಂತ ಎಸ್ದಿದ್ದೆ. ಆಗ ನಮ್ ಮೇಜಿಗೆ ದೊಡ್ಡೋರಾಗಿದ್ದ ತಂಗಮ್ಮ ನೋಡಿದ್ರು. ಬೈತಾರೆ ಅಂದ್ಕಂಡೆ. ಬೈಲಿಲ್ಲ. ಬುಟ್ಟಿನ ನನ್ ಮುಂದೆ ಸುರ್ದು, ವಾಪಸ್ ಆರ್ಸು ಅಂದ್ರು, ಅಷ್ಟೇ.” ಹಾಗೆಂದು ಮಿಕ್ಸರಿನ ಕಡೆ ಗಲ್ಲ ತೋರಿಸಿದಳು. “ಇನ್ನೂ ಏಳ್ ಹಾಡಿದೆಯಲ್ಲ.”

ಆ ಏಳನ್ನೂ ಅವರು ಅಂದು ಸಂಜೆಯೊಳಗೆ ಆರಿಸಿದರು. ಹನ್ನೆರಡನೇ ತಾರೀಕಿಗೆ ದೇವೇಂದ್ರ ಸಾಹಿತ್ಯದ ಬದಲು ಹೊಸ ಟೇಪನ್ನೇ ಬೆಂಗಳೂರಿಗೆ ಕಳಿಸಿದ. ನಾಲ್ಕು ದಿನಕ್ಕೆ ಫೋನು ಬಂತು.

“ಗಾಯಕಿನ ಬದಲಾಯಿಸಿದ್ದು ಒಳ್ಳೇದಾಯ್ತು ನೋಡಿ” ಎಂದ ನಂದನ್. “ಎಷ್ಟು ಕ್ಲಿಯರ್ ಆಗಿದೆ ವಾಯ್ಸು. ಯಾರಿವ್ರು, ಎಲ್ಲಿ ಸಿಕ್ಕಿದ್ರು?”

“ಗಾಯಕಿ ಅವ್ರೇ ಸಾರ್. ಅದೇ ಧ್ವನಿ, ಅದೇ ಟ್ರ್ಯಾಕು.”

“ಮತ್ತೆ?”

“ಆರಿಸಿದವ್ರು ಬೇರೆ” ಎಂದ ದೇವೇಂದ್ರ. ನಂದನ್‌ಗೆ ಏನು ಅರ್ಥವಾಯಿತೋ. ಆದರೆ ಕವರಿನ ಮೇಲೆ ಹಾಕಬೇಕಾದ ಹೆಸರುಗಳನ್ನು ಹೇಳಿ ಎಂದಾಗ ದೇವೇಂದ್ರ ಬರೆಸಿದ್ದು ಹಾಗೇ ಅಚ್ಚಾಯಿತು. ಹಾಡಿದವರು: ಭಾಗಮ್ಮ. ಆರಿಸಿದವರು: ಭಾಗಮ್ಮ. ಧ್ವನಿಮುದ್ರಣ: ದೇವೇಂದ್ರ. ಹಾಡುಗಳನ್ನು ಆಯ್ಕೆ ಮಾಡಿದ್ದೂ ಅವರೇ ಇರಬೇಕು ಎಂದು ಕ್ಯಾಸೆಟ್ ಕೊಂಡವರೆಲ್ಲ ತಿಳಿದುಕೊಂಡರು. ಯಾರೂ ತಪ್ಪು ಎನ್ನಲಿಲ್ಲ.

ಏಪ್ರಿಲ್ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಭಾಗಮ್ಮ ಮಗಳನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಬಂದಳು. ರೇವತಿ ಹಿಂದಿನ ದಿನ ಕಳಸದ ಬಸ್ಸಿಗೆ ಬಂದಿಳಿದಿದ್ದಳು. ತಮ್ಮ ತೋಟದ ಒಳ್ಳೆಮೆಣಸಿನ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು, ಕೂರದೆ ನಿಂತೇ ಮಾತಾಡಿದಳು.

“ಅಣ್ಣ, ನಿಮ್ಗೊಂದ್ ಮಾತು ಹೇಳೋಣ ಅಂತ್ಲೇ ಬಂದೆ. ನನ್ ಮದ್ವೆ ದಿನ ಅಮ್ಮ ಎದುರಿಗೇ ನಿಂತು ಈ ಹಾಡು ಹೇಳಿದ್ರು. ನಂಗೆ ಒಂದಕ್ಷರ ಕೇಳಿರ್ಲಿಲ್ಲ. ಯಾವನೋ ಮೈಕಿನೋನು, ಬರೀ ಗುಂಯ್ ಅಂತಿತ್ತು. ನಾನು ಅಳ್ತಿದ್ರೆ ಅಮ್ಮ ಆರಾಮಾಗಿ ಹಾಡ್ತಾ ನಿಂತವ್ರಲ್ಲ, ಕಳ್ಸಿದ್ರೆ ಸಾಕಾಗಿತ್ತೇನೋ ಅಂದ್ಕಂಡಿದ್ದೆ. ಐದು ವರ್ಷ ಅದು ಮನಸಲ್ಲಿತ್ತು. ಮೊನ್ನೆ ಕ್ಯಾಸೆಟ್ ಹಾಕ್ದಾಗ ಆ ಉಸಿರು ಕೇಳ್ತು.” ಅವಳು ಮೂಗು ಒರೆಸಿಕೊಂಡಳು. “ನಿಮ್ಮಿಂದ ದೊಡ್ಡ ಉಪಕಾರ ಆಯ್ತು.”

ದೇವೇಂದ್ರ ಭಾಗಮ್ಮನ ಮುಖ ನೋಡಿದ. ಆ ಮೈಕಿನವನು ಯಾರೆಂದು ಅವಳು ಇಷ್ಟು ದಿನವೂ ಮಗಳಿಗೆ ಹೇಳಿರಲಿಲ್ಲ, ಈಗಲೂ ಹೇಳುವಂತೆ ಕಾಣಲಿಲ್ಲ. ಗೋಡೆಯ ಗೋಣಿಚೀಲದ ಮೇಲಿನ ಅಕ್ಷರಗಳನ್ನು, ಓದು ಬಾರದವಳು, ಓದುತ್ತಿರುವಂತೆ ನೋಡುತ್ತಿದ್ದಳು.

“ಆ ಮೈಕಿನೋನು ನಾನೇ ಕಣಮ್ಮ” ಎಂದ ದೇವೇಂದ್ರ.

ರೇವತಿ ನಾಲಿಗೆ ಕಚ್ಚಿಕೊಂಡಳು. ಭಾಗಮ್ಮ ಆಗ ಗೋಡೆಯಿಂದ ಕಣ್ಣು ತೆಗೆದು, “ಎಸ್ದೋರೇ ವಾಪಸ್ ಆರ್ಸಿ ಕೊಟ್ರಲ್ಲ, ಇನ್ನೇನ್ ಬೇಕು ನಿಂಗೆ” ಎಂದು ಮಗಳಿಗೆ ಹೇಳಿ ಕುರ್ಚಿಯಲ್ಲಿ ಕೂತಳು. ದೇವೇಂದ್ರನಿಗೆ ಮೈಮೇಲಿನ ಹೊರೆ ಇಳಿದಂತಾಯಿತು. ಥ್ಯಾಂಕ್ಸ್ ಅನ್ನುವುದು ಇಲ್ಲಿ ಸಾಲದು ಅನ್ನಿಸಿತು. ಕೈ ಮುಗಿದರೆ ಅವಳು ಬೈಯುತ್ತಾಳೆ. ಏನು ಮಾಡುವುದೆಂದು ಯೋಚಿಸಿ, ಎದ್ದು ಹೋಗಿ ಎಂಟು ಟ್ರ್ಯಾಕಿನ ಮೂಲ ಟೇಪನ್ನೇ ಹುಡುಕಿ ರೆಕಾರ್ಡರಿಗೆ ಹಾಕಿದ.

ರೇವತಿಯನ್ನು ಸ್ಪೀಕರುಗಳ ನಡುವೆ ಕೂರಿಸಿದ. ಡೋಲಕ್ಕು ಆರಿಸಿದ, ಕೀಬೋರ್ಡು ಆರಿಸಿದ, ಕೊಳಲು ಆರಿಸಿದ. ಎಕೋ ಯಂತ್ರದ ಕೊನೆಯ ಕೆಂಪು ದೀಪವನ್ನೂ ಆರಿಸಿದ. ಈ ಸಲ ಭಾಗಮ್ಮನ ಅರ್ಥದಲ್ಲಲ್ಲ, ಅಂದು ತಾನು ತಪ್ಪಾಗಿ ತಿಳಿದ ಅರ್ಥದಲ್ಲೇ.

ಧ್ವನಿ ಶುರುವಾಯಿತು. ‘ಕೊಟ್ಟ ಮನೆಯ’ ಎನ್ನುವಲ್ಲಿಗೆ ಬಂದಾಗ ರೇವತಿ ತಾಯಿಯ ಕೈ ಹಿಡಿದುಕೊಂಡಳು, ಉಸಿರು ಬಂತು, ದೇವೇಂದ್ರ ಗುಂಡಿಯಿಂದ ಬೆರಳು ತೆಗೆದು ಕೈ ಕಟ್ಟಿ ಕೂತ.